ಘಟ್ಟದ ದಾರಿಯಲ್ಲಿ ಒಬ್ಬ ಸಹಪ್ರಯಾಣಿಕ



ಬೇಸಿಗೆ ರಜೆ ಬಂತೆಂದರೆ ಮಂಗಳೂರಿನ ನಮ್ಮ ಅನೇಕ ಕುಟುಂಬಗಳು ಬಾಡಿಗೆ ವಾಹನವೊಂದನ್ನು ಗೊತ್ತುಮಾಡಿ, ಚಾರ್ಮಾಡಿ ಘಾಟಿ ಹತ್ತಿ ಚಿಕ್ಕಮಗಳೂರಿನ ಕಡೆಗೆ ಹೊರಡುತ್ತವೆ. ಹೋಗಬೇಕಾದ್ದೇ. ಕರಾವಳಿಯ ಸೆಕೆಯಲ್ಲಿ ಬೆಂದವರಿಗೆ ಉಜಿರೆ ದಾಟಿದ ಮೇಲಿನ ಆ ತಂಗಾಳಿ, ತಿರುವು ತಿರುವಿಗೂ ಬೇರೆಯಾಗಿ ಕಾಣುವ ಹಸಿರು ಕಣಿವೆ, ದೇವರ ದಾನವಲ್ಲದೆ ಮತ್ತೇನು?

ಎಲ್ಲರಿಗೂ ಘಟ್ಟ ಹೀಗೆ ಕಂಡಿರಲಿಲ್ಲ. 1784ರಲ್ಲಿ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೊರಟ ನಮ್ಮ ಪೂರ್ವಜರು ಘಟ್ಟ ಹತ್ತಿದ್ದು ಕಾಲ್ನಡಿಗೆಯಲ್ಲಿ, ಮಕ್ಕಳು ಮುದುಕರೊಡನೆ. ಬದುಕುಳಿದವರು ಇಳಿದು ಬಂದದ್ದು 1799ರ ನಂತರ.

ಯೇಸುಸ್ವಾಮಿಯೂ ಮೂವರು ಶಿಷ್ಯರನ್ನು ಬೆಟ್ಟಕ್ಕೆ ಕರೆದೊಯ್ದರು. ಅಲ್ಲಿನ ಬೆಳಕನ್ನು ಕಂಡ ಪೇತ್ರನಿಗೆ ಮೂರು ಗುಡಾರ ಹಾಕಿ ಅಲ್ಲಿಯೇ ಇದ್ದುಬಿಡುವ ಆಸೆ. ಪಾಪ, ರಜೆ ಮುಗಿಯುವ ದಿನ ನಮಗೂ ಹಾಗೆಯೇ ಅನಿಸುತ್ತದಲ್ಲವೇ! ಆದರೆ ಪ್ರಭು ಅವರನ್ನು ಕೆಳಗಿಳಿಸಿದರು. ಕೆಳಗೆ ರೋಗಪೀಡಿತ ಮಗನೊಡನೆ ಒಬ್ಬ ತಂದೆ ಕಾಯುತ್ತಿದ್ದ.

ನಿಮ್ಮ ವಾಹನದಲ್ಲಿ ಹತ್ತು ಜನ ಇದ್ದಾರೆನ್ನಿ. ಒಂಬತ್ತು ಜನ ಕಣಿವೆ ನೋಡುತ್ತಾರೆ. ಹತ್ತನೆಯವನು ನೋಡುವಂತಿಲ್ಲ. ಅವನ ಕಣ್ಣು ರಸ್ತೆಯ ಮೇಲೆ, ಎದುರಿನಿಂದ ಬರುವ ಬಸ್ಸಿನ ಮೇಲೆ. ಇಳಿಜಾರಿನಲ್ಲಿ ಬ್ರೇಕನ್ನೇ ಒತ್ತುತ್ತಾ ಹೋದರೆ ಅದು ಕಾದು ಹಿಡಿತ ತಪ್ಪುತ್ತದೆ. ಆದ್ದರಿಂದ ಬಲ್ಲ ಚಾಲಕ ಕೆಳಗಿನ ಗೇರಿನಲ್ಲಿ ನಿಧಾನವಾಗಿ ಇಳಿಸುತ್ತಾನೆ. ಆಗ ಹಿಂದಿನ ಸೀಟಿನಿಂದ ದನಿ: “ಬೇಗ ಹೋಗಿ ಮಾರಾಯ್ರೆ, ನಾಳೆ ಆಫೀಸಿದೆ!” ಅವನಿಗೂ ಮನೆಯಲ್ಲಿ ಕಾಯುವವರಿದ್ದಾರೆ ಎಂಬುದು ಆ ಕ್ಷಣ ಯಾರಿಗೂ ನೆನಪಾಗುವುದಿಲ್ಲ. ಕನ್ನಡಿಗೆ ಜಪಸರ ತೂಗಿಸಿದ್ದೇವೆ, ಸಂತ ಕ್ರಿಸ್ತೋಫರರ ಚಿತ್ರ ಅಂಟಿಸಿದ್ದೇವೆ, ಸರಿ. ಆದರೆ ನಿದ್ದೆಗೆಟ್ಟವನನ್ನು ರಾತ್ರಿಯೆಲ್ಲಾ ಓಡಿಸಿ ಸಂತರನ್ನು ಕಾವಲಿಗೆ ನಿಲ್ಲಿಸುವುದು ಭಕ್ತಿಯೇ?

ಮಳೆಗಾಲದಲ್ಲಂತೂ ಹಠ ಬೇಡ. 2019ರ ಆಗಸ್ಟ್‌ನಲ್ಲಿ ಈ ಘಾಟಿಯ ಹಲವೆಡೆ ಗುಡ್ಡ ಕುಸಿದು ರಸ್ತೆ ಮುಚ್ಚಿತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಬದಿಯ ಚಹಾದಂಗಡಿಯೇ ಮಣ್ಣುಪಾಲಾಯಿತು. ಅಲ್ಲಿ ಸತ್ತವರಲ್ಲಿ ಲಾರಿ ಚಾಲಕರೂ ಇದ್ದರು. ಅವರಿಗಾಗಿ ನಮ್ಮ ಮನೆಗಳ ಸಂಜೆಯ ಜಪದಲ್ಲಿ ಒಂದು ಮಣಿಯಾದರೂ ಉರುಳಿತೇ?

ಇನ್ನೊಂದು ಮಾತು. ತಿರುವಿನಲ್ಲಿ ನಿಂತು ನೀವು ಕೆಳಕ್ಕೆಸೆದ ಪ್ಲಾಸ್ಟಿಕ್ ಬಾಟಲಿ ಮಾಯವಾಗುವುದಿಲ್ಲ. ಚಾರ್ಮಾಡಿಯ ನೀರು ಮೃತ್ಯುಂಜಯ ಹೊಳೆಗೆ, ಅಲ್ಲಿಂದ ನೇತ್ರಾವತಿಗೆ, ತುಂಬೆಯ ಅಣೆಕಟ್ಟಿಗೆ, ಕೊನೆಗೆ ನಿಮ್ಮ ಅಡುಗೆಮನೆಯ ನಲ್ಲಿಗೇ ಬರುತ್ತದೆ. ಫ್ರಾನ್ಸಿಸ್ ಜಗದ್ಗುರುಗಳು 2015ರ ತಮ್ಮ ಪತ್ರದಲ್ಲಿ ಭೂಮಿಯನ್ನು ನಮ್ಮೆಲ್ಲರ ಮನೆ ಎಂದದ್ದಕ್ಕೆ ನಮ್ಮೂರಲ್ಲಿ ಇದಕ್ಕಿಂತ ನೇರವಾದ ಸಾಕ್ಷಿ ಬೇಡ.

ಈ ಸಲ ಹೋಗುವಾಗ ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲುತ್ತೀರಲ್ಲ, ಚಾಲಕನನ್ನು ಬೇರೆ ಮೇಜಿಗೆ ಕಳುಹಿಸಬೇಡಿ. ಹೆಸರು ಕೇಳಿ, ಪಕ್ಕದಲ್ಲಿ ಕೂರಿಸಿಕೊಳ್ಳಿ. ಊಟವಾದ ಮೇಲೆ ಹತ್ತು ನಿಮಿಷ ಅವನೂ ಆ ಬೆಟ್ಟಗಳನ್ನು ನೋಡಲಿ.