ಎರಡು ಹಲ್ಲುಗಳ ಸುಳ್ಳು

ಕಾರು ರಸ್ತೆಯಲ್ಲಿ ನೇರವಾಗಿಯೇ ಹೋಗುತ್ತಿದೆ, ಕೈಯಲ್ಲಿರುವ ಸ್ಟೀರಿಂಗ್ ಮಾತ್ರ ಎಡಕ್ಕೆ ವಾಲಿಕೊಂಡಿದೆ. ಹಾಗಾದರೆ ತಪ್ಪಿರುವುದು ಯಾವುದು?

ಇಂಗ್ಲೆಂಡಿನಲ್ಲಿ ಪಿಎಚ್.ಡಿ. ಮಾಡುತ್ತಿರುವ ನನ್ನ ಬಾಡಿಗೆ ಮನೆಯ ಪಕ್ಕದಲ್ಲಿ ನಿವೃತ್ತರೊಬ್ಬರಿದ್ದಾರೆ. ಅವರ ಬಳಿ 1971ರ ಒಂದು ಎಂಜಿಬಿ ಇದೆ. ಆಕ್ಸ್‌ಫರ್ಡಿನಿಂದ ಕೆಲವೇ ಮೈಲಿ ದಕ್ಷಿಣದಲ್ಲಿರುವ ಆ್ಯಬಿಂಗ್ಡನ್‌ನ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ, ಎರಡು ಬಾಗಿಲಿನ ಪುಟ್ಟ ಸ್ಪೋರ್ಟ್ಸ್ ಕಾರು ಅದು. ಹಿಂದೆ ಯಾರೋ ಮುಂಭಾಗ ಬಿಚ್ಚಿ ರಿಪೇರಿ ಮಾಡಿದಾಗಿನಿಂದ ಸ್ಟೀರಿಂಗ್ ವಾಲಿತ್ತು. ಒಂದು ಶನಿವಾರ ಟಾರ್ಚು ಹಿಡಿಯುವ ಕೆಲಸಕ್ಕೆ ನನ್ನನ್ನು ಕರೆದರು.

ಸ್ಟೀರಿಂಗ್ ಚಕ್ರ ಕೂರುವ ಕಂಬದ ತುದಿಯಲ್ಲಿ ಸುತ್ತಲೂ ಸಣ್ಣ ಹಲ್ಲುಗಳಿರುತ್ತವೆ. ಅವಕ್ಕೆ ಸ್ಪ್ಲೈನ್ ಎನ್ನುತ್ತಾರೆ. ನಟ್ ಸಡಿಲಿಸಿ ಚಕ್ರವನ್ನು ಮೇಲೆತ್ತಿ, ಬೇರೆ ಹಲ್ಲಿಗೆ ಕೂರಿಸಬಹುದು. 36 ಹಲ್ಲುಗಳಿದ್ದರೆ ಒಂದೊಂದು ಹಲ್ಲಿಗೆ 10 ಡಿಗ್ರಿ. ನಾನು ಲೆಕ್ಕ ಹಾಕಿ ಹೇಳಿದೆ: "ಎರಡು ಹಲ್ಲು ಬಲಕ್ಕೆ ಸರಿಸಿದರೆ ಮುಗಿಯಿತಲ್ಲ, ಹತ್ತು ನಿಮಿಷದ ಕೆಲಸ."

"ನೆಟ್ಟಗೆ ಕಾಣುತ್ತದೆ, ನಿಜ" ಎಂದರು ಅವರು. ಆಮೇಲೆ ಚಕ್ರವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸುತ್ತಾ ಸುತ್ತು ಎಣಿಸಿದರು. ಹೆಚ್ಚುಕಡಿಮೆ ಮೂರು. ಅದರ ಅರ್ಧಕ್ಕೆ ಬಂದು ನಿಲ್ಲಿಸಿದರು. ಅದು ಒಳಗಿರುವ ರ‍್ಯಾಕ್‌ನ ನಿಜವಾದ ನಡು. ಅಲ್ಲಿ ಸ್ಟೀರಿಂಗ್ ನೆಟ್ಟಗೇ ಇತ್ತು! ಓರೆಯಾಗಿದ್ದದ್ದು ಮುಂದಿನ ಗಾಲಿಗಳು. ರ‍್ಯಾಕನ್ನು ಗಾಲಿಗಳಿಗೆ ಜೋಡಿಸುವ ಎರಡು ಟ್ರ್ಯಾಕ್ ರಾಡ್‌ಗಳ ಉದ್ದ ಒಂದಕ್ಕೊಂದು ಹೊಂದಿರಲಿಲ್ಲ. ಇಷ್ಟು ದಿನ ನಾವು ತಪ್ಪಿತಸ್ಥ ಎಂದುಕೊಂಡಿದ್ದ ಸ್ಟೀರಿಂಗ್ ನಿಜ ಹೇಳುತ್ತಿತ್ತು.

ನಾನು ಹೇಳಿದಂತೆ ಮಾಡಿದ್ದರೆ ಏನಾಗುತ್ತಿತ್ತು? ಕಾರು ಮೊದಲಿನಂತೆಯೇ ನೇರ ಓಡುತ್ತಿತ್ತು. ಆದರೆ ಒಂದು ಕಡೆಗೆ ಹೆಚ್ಚು, ಇನ್ನೊಂದು ಕಡೆಗೆ ಕಡಿಮೆ ತಿರುಗುತ್ತಿತ್ತು. ತಿರುವಿನ ನಂತರ ತಾನಾಗಿ ಆರಬೇಕಾದ ಇಂಡಿಕೇಟರ್ ಒಂದು ಕಡೆ ಬೇಗ, ಇನ್ನೊಂದು ಕಡೆ ತಡವಾಗಿ ಆರುತ್ತಿತ್ತು. ಸಣ್ಣ ತೊಂದರೆಗಳೇ. ಯಾರೂ ಸಾಯುವುದಿಲ್ಲ. ಹಾಗಿದ್ದಮೇಲೆ ಇದರಲ್ಲಿ ನೈತಿಕ ಪ್ರಶ್ನೆ ಎಲ್ಲಿಂದ ಬಂತು?

ನ್ಯಾಯಶಾಸ್ತ್ರದ ಹಳೆಯ ಉದಾಹರಣೆ ನಿಮಗೆ ಗೊತ್ತಿರಬಹುದು: ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂದು ಊಹಿಸುತ್ತೇವೆ. ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆ ಎಂಬ ನಂಟು ಮುರಿಯದಿರುವುದರಿಂದಲೇ ಆ ಊಹೆ ಸಾಧ್ಯ. ನೆಟ್ಟಗಿರುವ ಸ್ಟೀರಿಂಗ್ ಕೂಡ ಅಂಥದೊಂದು ಗುರುತು. ಮುಂದೆ ಆ ಕಾರನ್ನು ಬಿಚ್ಚುವ ಮೆಕ್ಯಾನಿಕ್ ಅದನ್ನು ನೋಡಿ, ಒಳಗಿನ ರ‍್ಯಾಕ್ ನಡುವಿನಲ್ಲಿದೆ ಎಂದು ನಂಬುತ್ತಾನೆ. ನಾನು ಎರಡು ಹಲ್ಲು ಸರಿಸಿದಾಗ ಮುರಿಯುವುದು ಆ ನಂಟು. ಬೆಂಕಿಯಿಲ್ಲದ ಹೊಗೆಯನ್ನು ತಯಾರಿಸಿ, ಮುಂದೆ ಬರುವ ಅಪರಿಚಿತನ ಊಹೆಯನ್ನೇ ಕೆಡಿಸಿದಂತೆ. ನಾನು ಅವನ ಮುಖ ನೋಡುವುದೂ ಇಲ್ಲ.

ಹಾಗೆಂದು ಚಕ್ರವನ್ನು ಎತ್ತಿ ಕೂರಿಸುವುದೇ ಮೋಸವಲ್ಲ. ರ‍್ಯಾಕ್ ನಡುವಿನಲ್ಲಿದ್ದು, ಗಾಲಿಗಳೂ ನೇರವಿದ್ದು, ಚಕ್ರವನ್ನಷ್ಟೇ ಯಾರೋ ತಪ್ಪಾಗಿ ಕೂರಿಸಿದ್ದರೆ ಅದನ್ನು ಸರಿಸುವುದೇ ಸರಿ. ಕೈಯ ಕೆಲಸ ಎರಡು ಸಂದರ್ಭದಲ್ಲೂ ಒಂದೇ. ವ್ಯತ್ಯಾಸ ಇರುವುದು ಮೊದಲು ಎಣಿಸಿದೆವೋ ಇಲ್ಲವೋ ಎಂಬುದರಲ್ಲಿ. ಎಣಿಸದೆ ಸರಿಸಿದವನು ಅದೃಷ್ಟದಿಂದ ಸರಿಯಾಗಿರಬಹುದು, ಪ್ರಾಮಾಣಿಕನಂತೂ ಅಲ್ಲ.

ಇದನ್ನು ಬರೆಯುವ ಕಾರಣ ಕಾರಲ್ಲ. ವಲಸೆ ಹೋದವರು ಊರಿಗೆ ಬರೆದ ಪತ್ರಗಳ ಮೇಲೆ ನನ್ನ ಸಂಶೋಧನೆ. ಮೂರನೆಯ ಅಧ್ಯಾಯದಲ್ಲಿ 42 ಪತ್ರಗಳಿವೆ. ಅವುಗಳಲ್ಲಿ ಒಂಬತ್ತು ನನ್ನ ವಾದಕ್ಕೆ ಒಗ್ಗುತ್ತಿರಲಿಲ್ಲ. ಅವುಗಳಲ್ಲಿ ಊರಿನ ಹಂಬಲವಿರಲಿಲ್ಲ, ಊರು ಬಿಟ್ಟ ನೆಮ್ಮದಿಯಿತ್ತು. ನಾನು ಪತ್ರಗಳನ್ನು ತಿರುಚಲಿಲ್ಲ. 'ಖಾಸಗಿ ಪತ್ರ' ಎಂಬುದರ ವ್ಯಾಖ್ಯಾನವನ್ನು ಸ್ವಲ್ಪ ಬದಲಿಸಿದೆ, ಅಷ್ಟೆ. ಒಂಬತ್ತೂ ಹೊರಗೆ ಬಿದ್ದವು, ಅಧ್ಯಾಯ ನೆಟ್ಟಗಾಯಿತು. ಮಾರ್ಗದರ್ಶಕರು ಮೆಚ್ಚಿದರು. ಎರಡು ಹಲ್ಲು.

ಅಂದು ಸಂಜೆಯವರೆಗೆ ನೆಲದ ಮೇಲೆ ಮಲಗಿ, ಒಂದು ರಾಡನ್ನು ಉದ್ದ ಮಾಡಿದಷ್ಟೇ ಇನ್ನೊಂದನ್ನು ಗಿಡ್ಡ ಮಾಡುತ್ತಾ ಹೋದೆವು. ಹಾಗೆ ಮಾಡಿದರೆ ಗಾಲಿಗಳ ಪರಸ್ಪರ ಕೋನ ಕೆಡದೆ ಎರಡೂ ಒಟ್ಟಿಗೆ ತಿರುಗುತ್ತವೆ. ಸ್ಟೀರಿಂಗನ್ನು ಮುಟ್ಟಲೇ ಇಲ್ಲ. ಕೊನೆಗೆ ಖಾಲಿ ರಸ್ತೆಯಲ್ಲಿ ಓಡಿಸಿ ನೋಡಿದಾಗ ಅದು ತಾನಾಗಿ ನೆಟ್ಟಗೆ ನಿಂತಿತ್ತು.

ಮರುವಾರ ಆ ಒಂಬತ್ತು ಪತ್ರಗಳನ್ನು ಅಧ್ಯಾಯಕ್ಕೆ ಮರಳಿ ಸೇರಿಸಿದೆ, ಮಾರ್ಗದರ್ಶಕರಿಗೂ ಹೇಳಿದೆ. ಈಗ ವಾದ ಎಡಕ್ಕೆ ವಾಲಿದೆ. ಪ್ರಬಂಧ ಸಲ್ಲಿಸುವುದು ಕೆಲವು ತಿಂಗಳು ತಡವಾಗುತ್ತದೆ, ವಿದ್ಯಾರ್ಥಿವೇತನ ಅಲ್ಲಿಯವರೆಗೆ ಬರುವುದಿಲ್ಲ. ಯಾವ ರಾಡಿನ ಉದ್ದ ತಪ್ಪಿದೆ ಎಂದು ಇನ್ನೂ ಹುಡುಕುತ್ತಿದ್ದೇನೆ.