ಕಲ್ಪಿತದಲ್ಲಿ ಅನುರಾಗ

ಇಲ್ಲದ ವಸ್ತುವನ್ನು ಇಲ್ಲವೆಂದು ಚೆನ್ನಾಗಿ ಬಲ್ಲವನು ಅದನ್ನು ಜೀವಮಾನವೆಲ್ಲ ಪ್ರೀತಿಸಬಹುದೋ? ಪ್ರೀತಿಸಿದರೆ ಅದು ಗುಣವೋ, ದೋಷವೋ, ಅಥವಾ ನರೆಗೂದಲು ಬರುವವರೆಗೂ ಬಿಡದೆ ಹಿಂಬಾಲಿಸಿದ ಬಾಲ್ಯದ ಚಾಪಲ್ಯವೋ? ಈ ಪ್ರಶ್ನೆಯು ಹೊಸದಲ್ಲ. ಬಯಲಾಟದಲ್ಲಿ, ನಾಟಕದಲ್ಲಿ, ಪುರಾಣಶ್ರವಣದಲ್ಲಿ ಮೈಮರೆಯುವವರನ್ನು ಕುರಿತು ನಮ್ಮ ಹಿರಿಯರು ಇದನ್ನು ಬಹುಕಾಲದಿಂದ ಕೇಳುತ್ತ ಬಂದಿರುವರು. ಆದರೆ ದೂರದರ್ಶನವು ಮನೆಗಳ ಪಡಸಾಲೆಯಲ್ಲಿ ನೆಲೆಗೊಂಡ ಮೇಲೆ ಇದಕ್ಕೆ ಬೇರೊಂದು ಮುಖವು ಬಂದಿರುವದು. ಪುರಾಣದ ಕಥೆಯು ಹಿಂದೊಮ್ಮೆ ನಡೆದದ್ದೆಂಬ ನಂಬಿಗೆಯಾದರೂ ಕೇಳುವವನಿಗೆ ಆಸರೆಯಾಗಿತ್ತು. ಮುಂದೆಂದೋ ನಡೆದೀತೆಂದು ಹೇಳುವ ವಿಜ್ಞಾನಕಥೆಗೆ ಆ ಆಸರೆಯೂ ಇಲ್ಲ. ಅದು ನಡೆದಿಲ್ಲ, ನಡೆಯುತ್ತಲೂ ಇಲ್ಲ, ನಡೆದೇ ತೀರುವದೆಂದು ಯಾರೂ ಮಾತು ಕೊಟ್ಟಿಲ್ಲ. ಅಂಥದನ್ನು ನಲವತ್ತು ವರ್ಷ ಎದೆಯಲ್ಲಿಟ್ಟುಕೊಂಡು ಬಾಳಿದವನಿಗೆ ಏನೆನ್ನಬೇಕು?

ಶಾಸ್ತ್ರಗ್ರಂಥಗಳಲ್ಲಿ ಉದಾಹರಣೆಯು ಬೇಕಾದಾಗಲೆಲ್ಲ ದೇವದತ್ತನೆಂಬವನು ಬಂದು ನಿಲ್ಲುವನು. ಊರಿಗೆ ಹೋಗುವವನು ಅವನೇ; ಹಗಲು ಉಣ್ಣದಿದ್ದರೂ ದಪ್ಪಗಿರುವವನೂ ಅವನೇ. ಇಲ್ಲಿಯೂ ಅವನನ್ನೇ ಕರೆಯುವದು ಅನುಕೂಲ. ಆದರೆ ಈ ದೇವದತ್ತನು ಮುಂಡಗೋಡ ತಾಲೂಕಿನ ಅತ್ತಿವೇರಿಯಲ್ಲಿ ಹುಟ್ಟಿದವನೆಂದು ಭಾವಿಸತಕ್ಕದ್ದು. ಮಲೆನಾಡು ಮುಗಿದು ಬಯಲುಸೀಮೆಯು ತೊಡಗುವ ಆ ಎಡೆಯಲ್ಲಿ ಒಂದು ಜಲಾಶಯವಿರುವದು. ಚಳಿಗಾಲದಲ್ಲಿ ದೂರದೇಶದ ಹಕ್ಕಿಗಳು ಅಲ್ಲಿ ಬಂದಿಳಿಯುವವು. ಈಗ ಅದು ಪಕ್ಷಿಧಾಮವೆಂದು ಪ್ರಸಿದ್ಧವಾಗಿದೆ. ದೇವದತ್ತನಿಗೆ ಹತ್ತು ವರ್ಷವಾದಾಗ, ಎಂದರೆ 1980ರ ದಶಕದ ನಡುವಿನಲ್ಲಿ, ಅವನ ಮನೆಗೆ ಕಪ್ಪು-ಬಿಳುಪಿನ ಟೀವಿ ಬಂದಿತು. ಬಿದಿರಿನ ಗಳುವಿಗೆ ಆಂಟೆನಾ ಕಟ್ಟಿ ಬಯಲುಸೀಮೆಯ ದಿಕ್ಕಿಗೆ ತಿರುಗಿಸಿದರೆ, ಎಳ್ಳು ಚೆಲ್ಲಿದಂಥ ಚುಕ್ಕೆಗಳ ನಡುವೆ ಆಕೃತಿಗಳು ಸುಳಿಯುವವು. ಆ ಕಾಲದಲ್ಲಿ ರವಿವಾರ ಬೆಳಗಿನ ಹೊತ್ತು ದೂರದರ್ಶನದವರು ‘ಸ್ಟಾರ್ ಟ್ರೆಕ್’ ಎಂಬ ಅಮೇರಿಕದ ಧಾರಾವಾಹಿಯನ್ನು ತೋರಿಸುತ್ತಿದ್ದರು. ಅದರ ಮಾತೆಲ್ಲ ಇಂಗ್ಲೀಷು. ದೇವದತ್ತನಿಗೆ ಇಂಗ್ಲೀಷು ಬರುತ್ತಿರಲಿಲ್ಲ. ಆದರೂ ಅವನು ಅಂದು ಹಿಡಿದ ಪ್ರೀತಿಯನ್ನು ಮತ್ತೆ ಬಿಡಲಿಲ್ಲ.

ಆ ಧಾರಾವಾಹಿಯ ಪರಿಚಯವಿಲ್ಲದ ವಾಚಕರಿಗಾಗಿ ನಾಲ್ಕು ಮಾತು ಹೇಳುವದು ಅವಶ್ಯ. ಜೀನ್ ರಾಡನ್‌ಬೆರಿ ಎಂಬವರ ಕಲ್ಪನೆಯಿಂದ ಹುಟ್ಟಿದ ಅದು 1966ರ ಸಪ್ಟೆಂಬರ 8ರಂದು ಅಮೇರಿಕದಲ್ಲಿ ಮೊದಲು ಪ್ರಸಾರವಾಯಿತು. (ಮುಂಡಗೋಡಿನಲ್ಲಿ ಟಿಬೇಟಿನ ನಿರಾಶ್ರಿತರ ವಸತಿಯು ಏರ್ಪಟ್ಟದ್ದೂ ಅದೇ 1966ರಲ್ಲಿ, ಸಂಬಂಧವೇನೂ ಇಲ್ಲದಿದ್ದರೂ ಆ ಸೀಮೆಯವರಿಗೆ ವರ್ಷವು ನೆನಪಿನಲ್ಲುಳಿಯಲು ಸಹಾಯವಾದೀತು.) ಎಂಟರ್‌ಪ್ರೈಸ್ ಎಂಬ ನೌಕೆಯು ಐದು ವರ್ಷಗಳ ಕಾಲ ನಕ್ಷತ್ರಗಳ ನಡುವೆ ಸಂಚರಿಸುತ್ತ ಅಪರಿಚಿತ ಲೋಕಗಳನ್ನು ಕಾಣುವದೇ ಅದರ ಕಥೆ. ಕರ್ಕ್ ಎಂಬವನು ನಾಯಕ. ರಾಗದ್ವೇಷಗಳನ್ನು ತರ್ಕದಿಂದ ಅದುಮಿಟ್ಟುಕೊಂಡ ಚೂಪುಗಿವಿಯ ಸ್ಪಾಕ್ ಅವನ ಸಹಾಯಕ. ಅಮೇರಿಕವೂ ರಶಿಯವೂ ಒಂದನ್ನೊಂದು ಸುಡಲು ಸಿದ್ಧವಾಗಿದ್ದ ಆ ದಿನಗಳಲ್ಲಿ ಒಂದೇ ನೌಕೆಯಲ್ಲಿ ಅಮೇರಿಕದವನು, ರಶಿಯದವನು, ಏಶಿಯದ ವಂಶದವನು, ಆಫ್ರಿಕದ ವಂಶದ ಹೆಣ್ಣುಮಗಳು ಜೊತೆಯಾಗಿ ಕುಳಿತು ಕೆಲಸಮಾಡುತ್ತಿದ್ದರೆಂಬದು ಅದರ ವಿಶೇಷ. ಎರಡನೆಯ ವರ್ಷದಲ್ಲಿ ಅದನ್ನು ನಿಲ್ಲಿಸುವರೆಂಬ ವದಂತಿ ಹುಟ್ಟಿದಾಗ ನೋಡುಗರು ಸಾವಿರಾರು ಪತ್ರಗಳನ್ನು ಬರೆದು ಇನ್ನೊಂದು ವರ್ಷ ಉಳಿಸಿಕೊಂಡರು. 79 ಕಂತುಗಳಾಗಿ 1969ರಲ್ಲಿ ಅದು ನಿಂತಿತು.

ಇದಕ್ಕೆ ಪೂರ್ವಪಕ್ಷಿಯ ಆಕ್ಷೇಪವು ಸ್ಪಷ್ಟವಾಗಿಯೇ ಇರುವದು. ವಿಷಯವನ್ನು ಧ್ಯಾನಿಸುತ್ತ ಹೋದವನಿಗೆ ಅದರಲ್ಲಿ ಸಂಗವುಂಟಾಗುವದೆಂದೂ ಸಂಗದಿಂದ ಅನರ್ಥಪರಂಪರೆಯೇ ಹುಟ್ಟುವದೆಂದೂ ಗೀತೆಯು ಹೇಳಿರುವದು. ಮನುವಂತೂ ಕಾಮದಿಂದ ಹುಟ್ಟುವ ಹತ್ತು ವ್ಯಸನಗಳಲ್ಲಿ ಗೀತ, ನೃತ್ಯ, ವಾದ್ಯಗಳನ್ನು ಎಣಿಸಿ, ಅವುಗಳ ಜೊತೆಗೆ ವೃಥಾ ಅಲೆದಾಟವನ್ನೂ ಸೇರಿಸಿರುವನು. ಕೆಲಸವಿಲ್ಲದೆ ಐದು ವರ್ಷ ಆಕಾಶದಲ್ಲಿ ಅಲೆಯುವವರ ಕಥೆಯನ್ನು ಕುಳಿತು ನೋಡುವವನಿಗೆ ಎರಡು ವ್ಯಸನಗಳ ಫಲವೂ ಒಮ್ಮೆಲೇ ತಟ್ಟುವದೆಂದು ಯಾರಾದರೂ ಹಾಸ್ಯಮಾಡಿದರೆ ತಪ್ಪಲ್ಲ. ಇರುವ ಹೊಲ, ಇರುವ ಹೆಂಡಿರುಮಕ್ಕಳು, ಇರುವ ಊರು, ಇವುಗಳಿಗೆ ಸಲ್ಲಬೇಕಾದ ಚಿತ್ತವನ್ನು ಇಲ್ಲದ ನೌಕೆಗೆ ತೆತ್ತರೆ ಅದು ಒಂದು ಬಗೆಯ ಕಳವೇ ಅಲ್ಲವೇ?

ಆಕ್ಷೇಪವನ್ನು ಒಮ್ಮೆಗೇ ತಳ್ಳಿಹಾಕಲಾಗದು. ಆದರೆ ಇಲ್ಲದ್ದನ್ನು ಕಂಡವನೆಲ್ಲ ಭ್ರಾಂತನೆಂಬ ಅದರ ಮೊದಲ ಮೆಟ್ಟಿಲು ಗಟ್ಟಿಯಲ್ಲ. ಒಂಬತ್ತನೆಯ ಶತಮಾನದ ಶಂಕುಕನು ಈ ಗಂಟನ್ನು ಬಿಡಿಸಲು ಒಂದು ಸೊಗಸಾದ ದೃಷ್ಟಾಂತವನ್ನು ಕೊಟ್ಟನು. ಗೋಡೆಯ ಮೇಲೆ ಬರೆದ ಕುದುರೆಯನ್ನು ಕಂಡು ಮಗುವು ‘ಕುದುರೆ’ ಎನ್ನುವದು. ಅದು ಯಥಾರ್ಥಜ್ಞಾನವೇ? ಅಲ್ಲ, ಕುದುರೆಯು ಅಲ್ಲಿಲ್ಲ. ಮಿಥ್ಯಾಜ್ಞಾನವೇ? ಅದೂ ಅಲ್ಲ, ಹತ್ತಿಕೊಳ್ಳಲು ಯಾರೂ ಹೋಗರು. ಕುದುರೆಯೋ ಅಲ್ಲವೋ ಎಂಬ ಸಂಶಯವೂ ಅಲ್ಲ. ಕುದುರೆಯಂತಿರುವದೆಂಬ ಬರಿಯ ಸಾದೃಶ್ಯವೂ ಅಲ್ಲ. ಈ ನಾಲ್ಕಕ್ಕೂ ಬೇರೆಯಾದ ಒಂದು ಅರಿವು ಅದು. ನಟನಲ್ಲಿ ರಾಮನನ್ನು ಕಾಣುವದೂ ಹಾಗೆಯೇ ಎಂದು ಅವನ ಮತ. ಅಭಿನವಗುಪ್ತನು ಈ ಮತದಲ್ಲಿ ದೋಷಗಳನ್ನು ತೋರಿಸಿ ಮುಂದೆ ಹೋದನೆಂಬದು ಬಲ್ಲವರಿಗೆಲ್ಲ ಗೊತ್ತು. ಆದರೂ ಆ ಕುದುರೆಯು ಇನ್ನೂ ಗೋಡೆಯ ಮೇಲಿದೆ. ಅಷ್ಟು ಸುಲಭವಾಗಿ ಅಳಿಸಿಹೋಗುವಂಥದಲ್ಲ.

‘ಸ್ಟಾರ್ ಟ್ರೆಕ್’ ಎಂಬದಂತೂ ಚಿತ್ರದ ಕುದುರೆಗಳ ಲಾಯವೇ ಸರಿ. ಅದರಲ್ಲಿ ಮನುಷ್ಯರು ಹೊಳೆಯುವ ಕಣಗಳಾಗಿ ಕರಗಿ ಬೇರೊಂದು ಲೋಕದಲ್ಲಿ ಮೂಡುವರು. ಬಾಲಕ ದೇವದತ್ತನಿಗೆ ಅದು ಯೋಗಸಿದ್ಧಿಯೇ ಆಗಿ ತೋರಿತು. ವಾರಕ್ಕೊಮ್ಮೆ ನೌಕೆಯನ್ನು ನೆಲಕ್ಕಿಳಿಸಿ ತೋರಿಸಲು ಹಣವು ಸಾಲದಾದ್ದರಿಂದ ಆ ಉಪಾಯವನ್ನು ಹೂಡಿದರೆಂಬದು ಅವನಿಗೆ ತಿಳಿದದ್ದು ಮುಂದೆ. ವೈದ್ಯನಾದ ಮೆಕಾಯ್ ರೋಗಿಯ ಮೇಲೆ ಆಡಿಸುತ್ತಿದ್ದ ಮಿರುಗುವ ಸಲಕರಣೆಗಳ ಕಥೆಯು ಇನ್ನೂ ಸ್ವಾರಸ್ಯವಾದದ್ದು. ಉಪ್ಪು ತಿನ್ನುವ ಒಂದು ಜೀವಿಯ ಕಥೆಗಾಗಿ ವಿಚಿತ್ರ ಆಕಾರದ ಉಪ್ಪಿನ ಕುಪ್ಪಿಗಳನ್ನು ತಂದಿದ್ದರಂತೆ. ಅವು ಉಪ್ಪಿನ ಕುಪ್ಪಿಗಳೆಂದು ಯಾರಿಗೂ ಗುರುತು ಸಿಕ್ಕದೆಂದು ತೋರಿದ್ದರಿಂದ ವೈದ್ಯನ ಕೈಗೆ ಕೊಟ್ಟರು! ಅಮೇರಿಕದವರು ತಮ್ಮ ಮೊದಲ ಆಕಾಶವಿಮಾನಕ್ಕೆ 1976ರಲ್ಲಿ ಈ ಕಥೆಯ ಅಭಿಮಾನಿಗಳ ಪತ್ರಗಳಿಗೆ ಮಣಿದು ‘ಎಂಟರ್‌ಪ್ರೈಸ್’ ಎಂದೇ ಹೆಸರಿಟ್ಟರು. ಆ ವಿಮಾನವಾದರೂ ಗಾಳಿಯಲ್ಲಿ ಪರೀಕ್ಷೆಗೆಂದು ಇಳಿದು ಹತ್ತಿತೇ ಹೊರತು ಅಂತರಿಕ್ಷಕ್ಕೆ ಒಮ್ಮೆಯೂ ಹೋಗಲಿಲ್ಲ. ನಿಜವಾದ ಲೋಹದಿಂದ ಮಾಡಿದ್ದರೂ ಅದು ಕೂಡ ಚಿತ್ರದ ಕುದುರೆಯಾಗಿಯೇ ಉಳಿಯಿತೆನ್ನಬೇಕು.

ಮೂವತ್ತು ವರ್ಷದವನಾದಾಗ ದೇವದತ್ತನು ಇವೆಲ್ಲವನ್ನೂ ಅರಿತುಕೊಂಡನು, ಅರಿತು ನಾಚಿದನು. ಪುನಃ ನೋಡಿದಾಗ ಪರಲೋಕದ ಬಂಡೆಗಲ್ಲು ಅಲುಗಾಡುವಂತೆ ಕಂಡಿತು. ಹೆಂಗಸರ ಉಡುಪು ಕಥೆಯ ಉದಾತ್ತತೆಗೆ ಒಪ್ಪದೆಂದು ತೋರಿತು. ‘ಖಾನ್ ನೂನಿಯನ್ ಸಿಂಗ್’ ಎಂಬ ಭಾರತದ ಉತ್ತರ ಭಾಗದ ಸಿಖ್ಖ ದೊರೆಯ ಪಾತ್ರವನ್ನು 1967ರ ಕಂತೊಂದರಲ್ಲಿ ಮೆಕ್ಸಿಕೋ ದೇಶದ ನಟನೊಬ್ಬನು ಗಡ್ಡವೇ ಇಲ್ಲದೆ ನಟಿಸಿರುವನು. ಹೆಸರಿನಲ್ಲಿ ಖಾನನೂ ಸಿಂಗನೂ ಕೂಡಿರುವದನ್ನು ನೋಡಿದರೆ, ಎಲ್ಲ ಜನಾಂಗಗಳನ್ನೂ ಒಂದೇ ನೌಕೆಯಲ್ಲಿ ಕೂಡಿಸಿದವರಿಗೆ ನಮ್ಮ ದೇಶದ ಪರಿಚಯವೆಷ್ಟಿತ್ತೆಂಬದು ಗೊತ್ತಾಗುವದು. ಅದಕ್ಕಿಂತಲೂ ಮಿಗಿಲಾದದ್ದು, ಆ ಖಾನನು ಜಗತ್ತಿನ ಕಾಲುಭಾಗಕ್ಕಿಂತ ಹೆಚ್ಚನ್ನು ಆಳಿದನೆಂದು ಕಥೆಯು ಹೇಳುವ ಕಾಲವು 1990ರ ದಶಕ. ಆ ದಶಕವು ಬಂದಿತು, ಹೋಯಿತು, ಖಾನನು ಬರಲಿಲ್ಲ. ಭವಿಷ್ಯವೆಂದು ಪ್ರೀತಿಸಿದ್ದು ದೇವದತ್ತನ ಕಣ್ಣೆದುರಿಗೇ ಭೂತಕಾಲಕ್ಕೆ ಜಾರಿತು, ಅದೂ ನಡೆಯದೆಯೇ. ಪುರಾಣದ ಭಕ್ತನಿಗೆ ಇಂಥ ಸಂಕಟವು ಒದಗುವದಿಲ್ಲ.

ಹೀಗಿದ್ದರೂ ಐವತ್ತರ ಹೊತ್ತಿಗೆ ಅವನು ಅದನ್ನು ತಿರುಗಿ ಪ್ರೀತಿಸತೊಡಗಿದನು. ಇದನ್ನು ಬಾಲ್ಯಕ್ಕೆ ಮರಳುವದೆಂದು ಹೇಳಿದರೆ ಅರ್ಧ ಮಾತಾದೀತು. ಹತ್ತರ ವಯಸ್ಸಿನ ಪ್ರೀತಿಗೆ ಉಪ್ಪಿನ ಕುಪ್ಪಿಯ ಸಂಗತಿಯು ಗೊತ್ತಿರಲಿಲ್ಲ. ಐವತ್ತರ ಪ್ರೀತಿಗೆ ಗೊತ್ತಿದೆ. ಗಂಡಹೆಂಡಿರ ನಡುವೆಯೂ ಗುರುಶಿಷ್ಯರ ನಡುವೆಯೂ ಬಾಳುವ ಪ್ರೀತಿಯು ಎರಡನೆಯ ಬಗೆಯದೇ ಆಗಿರುವದನ್ನು ಎಲ್ಲರೂ ಬಲ್ಲರು. ಆದಕಾರಣ ಕಲ್ಪಿತವನ್ನು ಪ್ರೀತಿಸಿದ್ದೇ ದೋಷವೆನ್ನುವದು ಸಲ್ಲದು. ಇಷ್ಟರಿಂದ ಅದು ಭ್ರಾಂತಿಯಲ್ಲವೆಂದು ಸಿದ್ಧವಾಯಿತು, ನಿಜ. ಆದರೆ ಪೂರ್ವಪಕ್ಷಿಯ ಕಳವಿನ ಮಾತು ಇನ್ನೂ ಉತ್ತರಕ್ಕಾಗಿ ಕಾದಿದೆ. ಪ್ರೀತಿಯು ಇರುವ ಊರಿಗೆ ಏನನ್ನಾದರೂ ಸಲ್ಲಿಸಿತೋ, ಇಲ್ಲವೋ?

ಇದಕ್ಕೆ ಆ ನೌಕೆಯ ಹೆಣ್ಣುಮಗಳ ಸಂಗತಿಯನ್ನೇ ನೋಡಬೇಕು. ಅವಳ ಹೆಸರು ಉಹುರಾ. ಆಫ್ರಿಕದ ಸ್ವಾಹಿಲಿ ಭಾಷೆಯಲ್ಲಿ ‘ಉಹುರು’ ಎಂದರೆ ಸ್ವಾತಂತ್ರ್ಯ. ಅದರಿಂದ ಹುಟ್ಟಿದ ಹೆಸರು. ಆ ಪಾತ್ರವನ್ನು ವಹಿಸಿದ ನಿಶೆಲ್ ನಿಕೋಲ್ಸ್ ಒಂದು ವರ್ಷದ ಮೇಲೆ ಅದನ್ನು ಬಿಡಬೇಕೆಂದಿದ್ದರಂತೆ. ಬಿಡಬಾರದೆಂದು ಮಾರ್ಟಿನ್ ಲೂಥರ್ ಕಿಂಗ್ ಅವರೇ ತಡೆದರೆಂದು ಆಕೆಯೇ ಹೇಳಿರುವರು. ಮುಂದೆ 1977ರಿಂದ ಆಕೆಯು ಅಮೇರಿಕದ ಅಂತರಿಕ್ಷ ಸಂಸ್ಥೆಗೆ ಹೆಣ್ಣುಮಕ್ಕಳನ್ನೂ ಕರಿಯ ಜನರನ್ನೂ ಕರೆತರುವ ಕೆಲಸವನ್ನು ಮಾಡಿದರು. ಚಿಕ್ಕಂದಿನಲ್ಲಿ ಆ ಧಾರಾವಾಹಿಯನ್ನು ನೋಡಿ ಬೆಳೆದ ಮೇ ಜೆಮಿಸನ್ 1992ರಲ್ಲಿ ಅಂತರಿಕ್ಷಕ್ಕೆ ಹೋದ ಮೊದಲನೆಯ ಕರಿಯ ಮಹಿಳೆಯಾದರು. ಬರೆದ ಕುದುರೆಯನ್ನು ಕಂಡು ಬೆಳೆದವಳು ನಿಜವಾದ ಕುದುರೆಯನ್ನೇ ಹತ್ತಿದಳು! ಶಂಕುಕನು ಇದನ್ನು ಊಹಿಸಿದ್ದನೆಂದು ತೋರುವದಿಲ್ಲ.

ಇದು ಅಮೇರಿಕದ ಮಾತಾಯಿತು. ಅತ್ತಿವೇರಿಯಲ್ಲಿ ಏನು? ಮುಂಡಗೋಡ, ಹಳಿಯಾಳ, ಯಲ್ಲಾಪುರ ಸೀಮೆಯ ಕಾಡಿನಲ್ಲಿ ಸಿದ್ದಿಗಳೆಂಬ ಜನರಿರುವರು. ಶತಮಾನಗಳ ಹಿಂದೆ ಪೂರ್ವ ಆಫ್ರಿಕದ ಕಡೆಯಿಂದ ಗುಲಾಮರಾಗಿ ತರಲ್ಪಟ್ಟು, ಪೋರ್ತುಗೀಜರ ಗೋವೆಯಿಂದ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡನ್ನು ಹೊಕ್ಕವರ ಸಂತತಿ ಅವರು. ಸರಕಾರವು ಅವರನ್ನು ಪರಿಶಿಷ್ಟ ಪಂಗಡದಲ್ಲಿ ಸೇರಿಸಿದ್ದು 2003ರಲ್ಲಿ. ಉಹುರಾ ಎಂಬ ಹೆಸರು ಯಾವ ನೆಲದ್ದೋ ಆ ನೆಲದ ಕಡೆಯವರೇ ದೇವದತ್ತನ ತಂದೆಯ ಹೊಲದಲ್ಲಿ ಕೆಲಸಕ್ಕೆ ಬರುತ್ತಿದ್ದರು. ಅವರೊಡನೆ ಅವನ ವಾರಿಗೆಯ ಒಬ್ಬ ಹುಡುಗನೂ ಬರುತ್ತಿದ್ದನು.

ಟೀವಿಯು ಓಣಿಗೆ ಒಂದೇ ಇದ್ದ ಆ ಕಾಲವನ್ನು ಕಂಡವರಿಗೆ ಅಂದಿನ ಆಸನಕ್ರಮವು ನೆನಪಿರದೆ ಹೋಗದು. ಮನೆಯವರು ಕುರ್ಚಿಯ ಮೇಲೆ, ಬಳಗದ ಮಕ್ಕಳು ಚಾಪೆಯ ಮೇಲೆ, ಓಣಿಯವರು ಹೊಸ್ತಿಲ ಆಚೆ ಜಗುಲಿಯಲ್ಲಿ, ಇನ್ನು ಕೆಲವರು ಅಂಗಳದಲ್ಲಿ ನಿಂತು ಕಿಟಕಿಯ ಸರಳುಗಳ ನಡುವಿನಿಂದ. ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಎಲ್ಲರಿಗೂ ತಮ್ಮ ತಮ್ಮ ಎಡೆಯು ಗೊತ್ತಿತ್ತು. ಸಿದ್ದಿಗಳ ಹುಡುಗನ ಎಡೆ ಕಿಟಕಿ. ಒಳಗೆ, ಪರದೆಯ ಮೇಲೆ, ಆಫ್ರಿಕದ ವಂಶದ ಹೆಣ್ಣುಮಗಳು ನೌಕೆಯ ನಾಯಕನ ಬೆನ್ನ ಹಿಂದೆಯೇ ಆಸನದಲ್ಲಿ ಕುಳಿತು ಲೋಕಲೋಕಗಳೊಡನೆ ಮಾತನಾಡುತ್ತಿದ್ದಳು. ಚಾಪೆಯ ಮೇಲೆ ಕುಳಿತ ದೇವದತ್ತನು ಬೆರಗಾಗಿ ಅವಳನ್ನು ನೋಡುತ್ತಿದ್ದನು. ಅವನಿಗೆ ಅಂದು ಯಾವ ವಿರೋಧವೂ ಕಾಣಲಿಲ್ಲ. ಹತ್ತು ವರ್ಷದ ಮಗುವಿಗೆ ಕಾಣದ್ದು ಅಪರಾಧವಲ್ಲ. ಐವತ್ತರವರೆಗೆ, ಆ ಧಾರಾವಾಹಿಯ ಔದಾರ್ಯವನ್ನು ಹತ್ತು ಜನರೆದುರಿಗೆ ಹೊಗಳುತ್ತ ಬಂದವನಿಗೂ, ಕಾಣಲಿಲ್ಲವೆಂಬದು ಮಾತ್ರ ವಿಚಾರಿಸತಕ್ಕ ಸಂಗತಿ. ಪ್ರೀತಿಯು ಅವನಿಗೆ ನೌಕೆಯ ಎಲ್ಲ ಕೋಣೆಗಳನ್ನೂ ತೋರಿಸಿತು. ಸ್ವಂತ ಮನೆಯ ಕಿಟಕಿಯನ್ನು ತೋರಿಸಲಿಲ್ಲ. ಇದು ಪ್ರೀತಿಯ ದೋಷವೋ ಪ್ರೀತಿಸಿದವನದೋ ಎಂದು ವಾದಿಸುವದಕ್ಕೆ ಎಡೆಯುಂಟು. ಆದರೆ ನಾಲ್ವತ್ತು ವರ್ಷದ ಒಡನಾಟದಲ್ಲಿ ಅವರಿಬ್ಬರನ್ನು ಬೇರ್ಪಡಿಸಿ ತೂಗುವ ತಕ್ಕಡಿಯು ಎಲ್ಲಿ ಸಿಕ್ಕೀತು?

ರಸಾನುಭವಕ್ಕೆ ಏಳು ವಿಘ್ನಗಳುಂಟೆಂದು ಅಭಿನವಗುಪ್ತನು ಹೇಳಿರುವನು. ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿರುವದು ಅವುಗಳಲ್ಲೊಂದು. ಆ ಲೆಕ್ಕದಿಂದ ಬಿಸಿಲಲ್ಲಿ ಕಾಲು ನೋಯುತ್ತ ಸರಳು ಹಿಡಿದು ನಿಂತ ಹುಡುಗನು ರಸಕ್ಕೆ ಅಧಿಕಾರಿಯಾಗಲಾರನು. ಚಾಪೆಯ ಮೇಲೆ ಸುಖವಾಗಿ ಕುಳಿತವನೇ ಸಹೃದಯನು. ಆಚಾರ್ಯರ ಮಾತು ಸಾಮಾನ್ಯವಾಗಿ ದಿಟವೇ. ಆದರೆ ಈ ಒಂದು ಎಡೆಯಲ್ಲಿ ಅದು ಸೋತಿರಬಹುದು. ಉಹುರಾಳನ್ನು ಆ ಆಸನದಲ್ಲಿ ಕಂಡಾಗ ಅದರ ಅರ್ಥವು ಯಾರಿಗೆ ಹೆಚ್ಚು ತಟ್ಟಿದ್ದೀತು? ಕಾಲುನೋವೇ ಅಲ್ಲಿ ಕಣ್ಣನ್ನು ತೆರೆಸಿರಲಾರದೇ?

ದೇವದತ್ತನ ಮಗಳು ಈಚೆಗೆ ತಂದೆಯೊಡನೆ ಕುಳಿತು ಹಳೆಯ ಕಂತೊಂದನ್ನು ನೋಡುತ್ತ, “ಅಪ್ಪಾ, ಆಗ ಇದನ್ನ ಯಾರ‍್ಯಾರು ಕೂಡಿ ನೋಡ್ತಿದ್ರಿ?” ಎಂದು ಕೇಳಿದಳೆಂದು ಇಟ್ಟುಕೊಳ್ಳತಕ್ಕದ್ದು. ಅವನು ಚಾಪೆಯ ಮೇಲಿದ್ದವರ ಹೆಸರುಗಳನ್ನು ಒಂದೊಂದಾಗಿ ಹೇಳಿದನು. ಜಗುಲಿಯವರ ಹೆಸರುಗಳನ್ನೂ ಹೇಳಿದನು. ಕಿಟಕಿಯ ಹತ್ತಿರ ಬಂದಾಗ ತಡೆದನು. ಮುಖವು ನೆನಪಿದೆ, ಸರಳು ಹಿಡಿದ ಬೆರಳುಗಳು ನೆನಪಿವೆ, ಹೆಸರು ಬರಲೊಲ್ಲದು. ಆ ಹುಡುಗನಿಗೂ ಈಗ ಐವತ್ತು ದಾಟಿರಬೇಕು. ಅವನಿಗೆ ಆ ನೌಕೆಯು ನೆನಪಿದೆಯೋ, ನೆನಪಿದ್ದರೆ ಅದರ ಮೇಲೆ ಪ್ರೀತಿಯುಂಟೋ, ಇಲ್ಲವೆ ಆ ರವಿವಾರಗಳ ನೆನಪೇ ಬೇಡವಾಗಿದೆಯೋ, ದೇವದತ್ತನು ಒಮ್ಮೆಯೂ ಕೇಳಿದವನಲ್ಲ. ಸಿದ್ದಿಗಳ ಕೇರಿಯು ಅವನ ಮನೆಯಿಂದ ಜಲಾಶಯದ ಏರಿಯನ್ನು ಬಳಸಿ ನಡೆದರೆ ಅರ್ಧ ತಾಸಿನ ದಾರಿ.