ಕುಡಿತ ಬಿಟ್ಟವನ ರಾತ್ರಿ

ಕುಡಿಯುವವನ ಬಗ್ಗೆ ನಮ್ಮಲ್ಲಿ ಎರಡು ಮಾತು ಸದಾ ತಯಾರಿರುತ್ತವೆ. "ಮನಸ್ಸ ಗಟ್ಟಿ ಮಾಡಿದ್ರ ಬಿಡತಿದ್ದ, ಸೊಕ್ಕು ಅವಂಗ" ಎಂಬುದು ಊರಿನ ಮಾತು. "ಈ ವ್ಯವಸ್ಥೆಯೇ ಅವನನ್ನು ಕುಡಿಸಿತು" ಎಂಬುದು ಚಳವಳಿಯವರಾದ ನಮ್ಮ ಮಾತು. ಮೊದಲನೆಯದು ಅವನನ್ನು ಅಪರಾಧಿ ಮಾಡುತ್ತದೆ. ಎರಡನೆಯದು ಬರೀ ಗೊಂಬೆ ಮಾಡುತ್ತದೆ. ಅವನಿಂದ ಏಟು ತಿಂದ ಹೆಂಡತಿಗೆ ಅದರಲ್ಲಿ ಜಾಗವೇ ಇಲ್ಲ. ಹಾಗಾದರೆ ಹೊಣೆ ಯಾರದು?

ಕಲಘಟಗಿ ತಾಲ್ಲೂಕಿನ ದೇವಿಕೊಪ್ಪದಂಥ ಊರನ್ನೇ ತೆಗೆದುಕೊಳ್ಳೋಣ. ಗೋವಿನಜೋಳದ ಹೊಲದಲ್ಲಿ ದುಡಿದ ಕೂಲಿಯವನು ಕುಡಿಯುವುದು ಮೈನೋವಿಗಷ್ಟೇ ಏನು? ಎಳೆತನದ ಹೊಡೆತ, ಜಾತಿ ಎತ್ತಿ ಬೈಸಿಕೊಂಡದ್ದು, ಕಣ್ಣೆದುರಿನ ಸಾವು ರಾತ್ರಿ ಎದ್ದು ಬರುತ್ತವೆ. "ಕುಡೀದಿದ್ರ ನಿದ್ದಿ ಹತ್ತಂಗಿಲ್ರಿ" ಎನ್ನುವವನು ಸುಳ್ಳು ಹೇಳುತ್ತಿಲ್ಲ. ಆದರೆ ಶೆರೆ ಎಂಬುದು ಸಾಹುಕಾರನ ಸಾಲದಂಥ ಔಷಧ. ಮೊದಲು ನಿದ್ದೆ ಕೊಡುತ್ತದೆ, ನಡುರಾತ್ರಿ ಬಡ್ಡಿ ಸಮೇತ ಕಿತ್ತುಕೊಳ್ಳುತ್ತದೆ. ಅಂಜಿಕೆ, ಮಂಕು ಕುಡಿತಕ್ಕೆ ದೂಡುತ್ತವೆ. ಕುಡಿತ ಅವನ್ನೇ ಬೆಳೆಸುತ್ತದೆ.

'ಬಿಟ್ಟುಬಿಡು' ಎಂಬ ಉಪದೇಶ ಸೋಲುವುದು ಇಲ್ಲೇ. ಬಹುಕಾಲ ಕುಡಿದವನು ಒಮ್ಮೆಲೇ ಬಿಟ್ಟರೆ ಕೈ ನಡುಗುತ್ತದೆ, ಕೆಲವರಿಗೆ ಫಿಟ್ಸ್ ಬರುತ್ತದೆ, ಎರಡು ಮೂರು ದಿನದಲ್ಲಿ ಇಲ್ಲದ್ದೆಲ್ಲ ಕಾಣಬಹುದು. ಜೀವಕ್ಕೇ ಅಪಾಯ. ಇದಕ್ಕೆ ದವಾಖಾನೆಯಲ್ಲಿ ಔಷಧವಿದೆ. ಆದರೆ ಆ ವಾರ ದಾಟಿದ ಮೇಲೆ ಹಳೆಯ ನೆನಪುಗಳು ಅಮಲಿನ ಹೊದಿಕೆಯಿಲ್ಲದೆ ಎದುರು ನಿಲ್ಲುತ್ತವೆ. ಅವನ್ನು ಕೇಳುವವರಿಲ್ಲದಿದ್ದರೆ ಮತ್ತೆ ಅಂಗಡಿಯೇ ಗತಿ. ಕುಡಿತವನ್ನೂ ಮನೋರೋಗವನ್ನೂ ಬೇರೆ ಬೇರೆ ಬಾಗಿಲಿಗೆ ಕಳಿಸದೆ ಒಟ್ಟಿಗೆ ನೋಡಬೇಕೆಂದು ಇಂದು ವೈದ್ಯರೇ ಹೇಳುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯು ಮದ್ಯದ ಚಟಕ್ಕೆ ಅಂಟಿಕೊಂಡ ಮಾನಸಿಕ ಸ್ಥಿತಿಗಳನ್ನೂ ಕಾಯಿಲೆಯೆಂದೇ ಒಪ್ಪಿದೆ, ಚಿಕಿತ್ಸೆಯನ್ನು ಹಕ್ಕು ಎಂದಿದೆ. 1845ರಲ್ಲಿ ಶುರುವಾದ ಧಾರವಾಡದ ಹುಚ್ಚಾಸ್ಪತ್ರೆ ಇಂದು ಡಿಮ್ಹಾನ್ಸ್ ಆಗಿದೆ. ಆದರೆ ದೇವಿಕೊಪ್ಪದ ಕೂಲಿಯವನು ಆ ಹಕ್ಕು ಪಡೆಯಲು ಒಂದು ದಿನದ ಪಗಾರ ಬಿಡಬೇಕು. "ಹುಚ್ಚರ ದವಾಖಾನಿಗೆ ಹೋಗ್ಯಾನ" ಎಂಬ ಮಾತನ್ನೂ ಹೊರಬೇಕು.

ಇನ್ನೂ ಕಠಿಣವಾದ ಪ್ರಶ್ನೆಯಿದೆ. ಗಾಯ ಮಾಯಲು ಮೊದಲು ಭಯವಿಲ್ಲದ ಜಾಗ ಬೇಕು. ಕೇರಿಗೆ ಅದೆಲ್ಲಿದೆ? 2014ರ ಆಗಸ್ಟ್ 28ರಂದು ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲಿಗೆ ಬೆಂಕಿ ಬಿತ್ತು. ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟದ್ದು 2024ರ ಅಕ್ಟೋಬರಿನಲ್ಲಿ. ಮರುತಿಂಗಳೇ ಅವರಲ್ಲಿ ಬಹುಪಾಲು ಜನರಿಗೆ ಹೈಕೋರ್ಟಿನಿಂದ ಜಾಮೀನು ಸಿಕ್ಕಿತು. ಹತ್ತು ವರ್ಷ ತೀರ್ಪಿಗೆ ಕಾದವರಿಗೆ 'ಆಗಿದ್ದು ಮರೆತುಬಿಡಿ' ಎನ್ನುವ ವೈದ್ಯ ಯಾವ ರೋಗಕ್ಕೆ ಮದ್ದು ಕೊಡುತ್ತಾನೆ?

ಸರಕಾರ 2007ರ ಜುಲೈ 1ರಿಂದ ಸಾರಾಯಿ ನಿಲ್ಲಿಸಿತು. ಕುಡಿತ ನಿಲ್ಲಲಿಲ್ಲ; ಅಗ್ಗದ ವಿಸ್ಕಿ ಪಾಕೀಟು ಆ ಜಾಗಕ್ಕೆ ಬಂತು. ಬಡವನ ನೋವು ಅಬಕಾರಿ ವರಮಾನವಾಗಿ ಖಜಾನೆ ಸೇರುತ್ತಲೇ ಇದೆ.

ಬಾಬಾಸಾಹೇಬರು 1927ರಲ್ಲಿ ಮಹಾಡದ ಕೆರೆಯ ನೀರಿಗಾಗಿ ಹೋರಾಡಿದರು. ಅದೇ ವರ್ಷ ಅಲ್ಲಿಯೇ ಹೆಣ್ಣುಮಕ್ಕಳಿಗೆ, ಕುಡಿದು ಬಂದ ಗಂಡಸರಿಗೆ ಉಣ್ಣಲು ಇಡಬೇಡಿ ಎಂದರು. ಅನ್ಯಾಯದ ವಿರುದ್ಧ ಹೋರಾಟ ಒಂದು, ನಮ್ಮ ಬದುಕಿನ ಹೊಣೆ ಇನ್ನೊಂದು ಎಂದು ಅವರು ಒಡೆಯಲಿಲ್ಲ. ನಾವೂ ಒಡೆಯಬಾರದು. ಗಾಯ ಮಾಡಿದ ಸಮಾಜ ಗಾಯಕ್ಕೆ ಹೊಣೆ. ಹೆಂಡತಿಯ ಮೇಲೆ ಎತ್ತಿದ ಕೈಗೆ ಅವನೇ ಹೊಣೆ. ಗಾಯ ಕಾರಣವಾದೀತು, ರಿಯಾಯಿತಿಯಾಗದು.

ಆದ್ದರಿಂದ ಗೆಳೆಯರೇ, ಮೊದಲು ಏಟು ತಿನ್ನುವ ತಾಯಿ-ಮಕ್ಕಳಿಗೆ ಆಸರೆಯಾಗೋಣ. ಬಿಡಬೇಕೆನ್ನುವವನ ಸಂಗಡ ಧಾರವಾಡದ ಬಸ್ಸು ಹತ್ತೋಣ. ಮತ್ತೆ ಕುಡಿದನೆಂದು ಅವನನ್ನು ಸಂಘದಿಂದ ಓಡಿಸುವುದು ಬೇಡ. ಬಿದ್ದವನು ಏಳಲು ಎರಡು ಮೂರು ಸಲ ಬೇಕಾದೀತು. ಕೇಸು ನಡೆಸುವಷ್ಟೇ ಹಟದಿಂದ ಅವನ ರಾತ್ರಿಯ ಕತೆಯನ್ನೂ ಕೂತು ಕೇಳೋಣ. ಇದೂ ಹೋರಾಟವೇ.